ಮದ್ದಿನ ಸಂಚಿ

ಕೇಳುಗರೇ, ಮಳವಳ್ಳಿ ತಾಲ್ಲೂಕಿನ ಬಂಡೂರು ಎಂದೊಡನೆ ನಿಮಗೆ ನೆನಪಾಗುವುದು ಅಲ್ಲಿಯ ಕುರಿ. ಗಿಡ್ಡ ಕಾಲಿನ, ತುಂಬಿದ ಮೈಯ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದಂತೆ ಕಾಣುವ ಆ ತಳಿ ಊರಿನ ಹೆಸರನ್ನು ದೂರ ದೂರಕ್ಕೆ ಒಯ್ದಿದೆ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಕುರಿಯ ಮಾತನ್ನಲ್ಲ. ಆ ಕುರಿಯನ್ನು ಚಿರತೆಯಿಂದಲೂ, ಹೊಲದ ರಾಗಿಯನ್ನು ಹಂದಿಯಿಂದಲೂ ಕಾಯಲು ಅಲ್ಲಲ್ಲಿ ಒಂದೊಂದು ಮನೆಯ ತೊಲೆಗೆ ತೂಗುಹಾಕಿದ್ದ ಕೋವಿಯ, ಅದಕ್ಕಿಂತ ಹೆಚ್ಚಾಗಿ ಕೋವಿಯ ಪಕ್ಕದಲ್ಲಿ ತೂಗುತ್ತಿದ್ದ ಮದ್ದಿನ ಸಂಚಿಯ ಮಾತನ್ನು.

ಇದಕ್ಕೆ ನಿಮಿತ್ತ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ. ಬಂಡೂರಿನ ನೆರೆಹಳ್ಳಿಯವನು, ಈಗ ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿದ್ದಾನೆ. ಅಲ್ಲಿ ಗುರಿಯಾಟವನ್ನು ಹವ್ಯಾಸವಾಗಿ ಕೈಗೊಂಡವರು ಹಾರಿಸಿದ ತೋಟಾದ ಖಾಲಿ ಚಿಪ್ಪನ್ನು ಎಸೆಯದೆ, ಮನೆಯಲ್ಲಿಯೇ ಮತ್ತೆ ಮದ್ದುಗುಂಡು ತುಂಬಿಕೊಳ್ಳುವುದುಂಟಂತೆ. ಹೊಸಬರಿಗೆಂದು ಬೇಕಾದ ಸಲಕರಣೆಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. "ಮೇಷ್ಟ್ರೇ, ಒಂದಕ್ಕಿಂತ ಒಂದು ಹೊಳೆಯುತ್ತವೆ, ಯಾವುದನ್ನು ಕೊಳ್ಳಲಿ ಎಂದು ತಿಳಿಯದಾಗಿದೆ. ನಮ್ಮ ತಾತ ಅಟ್ಟದ ಮೇಲೆ ಏನೇನೋ ಇಟ್ಟಿದ್ದರಲ್ಲ, ಅದಕ್ಕೂ ಇದಕ್ಕೂ ಏನಾದರೂ ನಂಟಿದೆಯೇ?" ಎಂದು ಕೇಳಿದ್ದಾನೆ. ಕನ್ನಡ ಪಾಠ ಹೇಳಿದವನನ್ನು ಕೇಳಬೇಕಾದ ಪ್ರಶ್ನೆಯೇ ಇದು ಎಂದು ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ, ಆ ನಂಟಿನಲ್ಲಿ ನಮ್ಮ ನಾಡಿನ ಚರಿತ್ರೆಯ ಒಂದು ತುಂಡೇ ಅಡಗಿದೆ ಎನಿಸಿತು.

ನನ್ನ ಕಸುಬು ಮಾತಿನದು. ಆದ್ದರಿಂದ ಮಾತಿನಿಂದಲೇ ತೊಡಗುತ್ತೇನೆ. ಕೋವಿ ಎಂದರೆ ಮೂಲದಲ್ಲಿ ಕೊಳವೆ. ಬಂದೂಕು ಅರಬ್ಬಿಯಿಂದ ಬಂದದ್ದು. ಅಲ್ಲಿ ಆ ಪದಕ್ಕೆ ಒಂದು ಬಗೆಯ ಕಾಯಿ, ಕಾಯಿಯಂಥ ಉಂಡೆ ಎಂದು ಅರ್ಥ. ತುಪಾಕಿ ತುರ್ಕಿಯಿಂದ, ತೋಟಾ ಹಿಂದೂಸ್ತಾನಿಯಿಂದ ಬಂದವು. ಆಯುಧದ ಹೆಸರುಗಳು ಹೀಗೆ ನಾನಾ ಕಡೆಗಳಿಂದ ಬಂದರೂ ಅದರೊಳಕ್ಕೆ ಹಾಕುವ ಪುಡಿಗೆ ನಮ್ಮವರು ಹೊಸ ಹೆಸರನ್ನು ಹುಡುಕಲಿಲ್ಲ, ಮದ್ದು ಎಂದರು. ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ಹಾಕುವುದೂ ಮದ್ದು. ತಮಿಳಿನ ಮರುಂದು, ತೆಲುಗಿನ ಮಂದು ಎಂಬ ಮಾತುಗಳಿಗೂ ಇದೇ ಎರಡು ಅರ್ಥಗಳಿವೆ. ಎರಡನ್ನೂ ಅರೆದು, ಬೆರೆಸಿ, ಅಳೆದು ಕೊಡಬೇಕು. ಎರಡೂ ಅಳತೆ ಮೀರಿದರೆ ಕೊಲ್ಲುತ್ತವೆ. ಮದ್ದೂರಿನ ಹೆಸರು ಈ ಮದ್ದಿನಿಂದಲೇ ಬಂತು, ಟಿಪ್ಪುವಿನ ಮದ್ದುಗುಂಡಿನ ಕೋಠಿ ಅಲ್ಲಿತ್ತು ಎಂದು ಆ ಸೀಮೆಯಲ್ಲಿ ಹೇಳುವವರಿದ್ದಾರೆ. ಕೇಳಲು ಸೊಗಸಾಗಿದೆ. ಆದರೆ ಅಲ್ಲಿಯ ಉಗ್ರನರಸಿಂಹನ ಗುಡಿ ಹೊಯ್ಸಳರ ಕಾಲದ್ದು. ಊರು ಕೋವಿಗಿಂತ ಹಿರಿದು. ನಾನಂತೂ ಆ ವ್ಯುತ್ಪತ್ತಿಯನ್ನು ನಂಬುವವನಲ್ಲ.

ಇನ್ನು ಸಂಚಿಗೆ ಬರೋಣ. ನಮ್ಮ ಸೋದರಮಾವನ ಮನೆಯಲ್ಲಿದ್ದುದು ಕೇಪಿನ ಕೋವಿ, ಎಂದರೆ ಬಾಯಿಯ ಕಡೆಯಿಂದ ಮದ್ದು ತುಂಬುವಂಥದು. ಅದರ ಸಂಚಿಯಲ್ಲಿದ್ದ ಪದಾರ್ಥಗಳು ಇಷ್ಟೇ: ಮದ್ದು ತುಂಬಿದ ಎತ್ತಿನ ಕೊಂಬು, ಅದರ ಬಾಯಿಗೆ ಮರದ ಬಿರಡೆ, ಬಟ್ಟೆಯ ಗಂಟಿನಲ್ಲಿ ಸೀಸದ ಚರೆ, ಒಂದು ಹಿಡಿ ತೆಂಗಿನ ನಾರು, ತಗಡಿನ ಡಬ್ಬಿಯಲ್ಲಿ ಕೇಪು, ಮತ್ತು ಬೆರಳುದ್ದದ ಹಿತ್ತಾಳೆಯ ಒಂದು ನಳಿಗೆ. ಗಜವಂತೂ ಕೋವಿಯ ಹೊಟ್ಟೆಯ ಕೆಳಗೇ ಇರುತ್ತಿತ್ತು. ಮೊದಲು ಆ ನಳಿಗೆಯಲ್ಲಿ ಮದ್ದನ್ನು ಅಳೆದು ಸುರಿಯಬೇಕು, ಮೇಲೆ ನಾರು, ಗಜದಿಂದ ಹದವಾಗಿ ಜಡಿಯಬೇಕು, ಆಮೇಲೆ ಚರೆ, ಮತ್ತೆ ನಾರು, ಮತ್ತೆ ಗಜ. ಕೇಪನ್ನು ಕೂರಿಸುವುದು ಎಲ್ಲಕ್ಕೂ ಕೊನೆಗೆ, ಹೊಲದ ಬದುವಿನಲ್ಲಿ ನಿಂತ ಮೇಲೆ. ಇವುಗಳಲ್ಲಿ ಯಾವುದು ಮುಖ್ಯ? ಕಣ್ಣಿಗೆ ಕಾಣುವುದು ಕೊಂಬು. ಅದರ ಮೇಲಿನ ಕೆತ್ತನೆ ಚೆಂದ. ಆದರೆ ಮಾವ ಯಾರ ಕೈಗೂ ಕೊಡದೆ ತಾನೇ ಇಟ್ಟುಕೊಳ್ಳುತ್ತಿದ್ದುದು ಆ ಹಿತ್ತಾಳೆಯ ನಳಿಗೆಯನ್ನು. "ಕೋವಿ ಹಿಡಿಯೋದ ಆಮ್ಯಾಕೆ ಕಲ್ತೀಯಂತೆ ಕನ್ಲಾ, ಮೊದ್ಲು ಅಳಿಯೋದ ಕಲಿ" ಎನ್ನುತ್ತಿದ್ದ. ನಳಿಗೆಯನ್ನು ತುಂಬಿ, ಮೇಲೆ ಬೆರಳಿನಿಂದ ಸವರಿ ಮಟ್ಟ ಮಾಡದೆ ಸುರಿದರೆ ಬೈಗುಳ ಕಾದಿರುತ್ತಿತ್ತು. ತುಂಬುವಾಗ ಯಾರಾದರೂ ಮಾತಿಗೆಳೆದರೆ ಉತ್ತರ ಕೊಡುತ್ತಿರಲಿಲ್ಲ. ಮಾತಿನ ಗುಂಗಿನಲ್ಲಿ ಒಮ್ಮೆ ಹಾಕಿದ್ದನ್ನು ಮರೆತು ಎರಡನೆಯ ಸಲ ಸುರಿದವನ ಕೋವಿ ಸೀಳಿ ಹೋಗುವುದು ಅವನಿಗೆ ಗೊತ್ತಿತ್ತು. ಗಜದ ಮೇಲೆ ಅವನು ಒಂದು ಗೆರೆ ಕೊರೆದಿದ್ದ. ಸರಿಯಾಗಿ ತುಂಬಿದ್ದರೆ ಗಜ ಆ ಗೆರೆಯವರೆಗೆ ಇಳಿಯಬೇಕು. ಗೆರೆ ಬಾಯಿಯ ಮೇಲೆ ನಿಂತರೆ ಒಳಗೆ ಹೆಚ್ಚು ಹೋಗಿದೆ ಎಂದೇ ಅರ್ಥ.

ಈ ಅಳತೆ ಯಾರ ಕೈಯಲ್ಲಿತ್ತು ಎಂಬುದೇ ನನ್ನ ಇಂದಿನ ಪ್ರಶ್ನೆ. ಮದ್ದಿಗೆ ಬೇಕಾದ ಮೂರರಲ್ಲಿ ಪೆಟ್ಲುಪ್ಪು ಚೌಳುಮಣ್ಣಿನಿಂದ ಬರುತ್ತಿತ್ತು, ಇದ್ದಿಲಿಗೆ ಕೊರತೆಯಿರಲಿಲ್ಲ, ಗಂಧಕ ಮಾತ್ರ ಸಂತೆಯ ಸರಕು. ಬತ್ತಿ ಹಚ್ಚಿ ಹಾರಿಸುವ ಕೋವಿಯ ಕಾಲದಲ್ಲಿ ಹಳ್ಳಿಯ ಕಮ್ಮಾರ, ಮದ್ದು ಅರೆಯುವವನು, ಸೀಸ ಕರಗಿಸುವವನು ಸೇರಿದರೆ ಹೊರಗಿನ ಹಂಗು ಹೆಚ್ಚಾಗಿ ಬೇಕಿರಲಿಲ್ಲ. ಅರಸರಿಗೆ ಇದು ಗೊತ್ತಿತ್ತು. ಆದ್ದರಿಂದ ಅವರು ಮದ್ದನ್ನು ರಾಶಿ ಹಾಕಿದರು. ಶ್ರೀರಂಗಪಟ್ಟಣದ ಇಟ್ಟಿಗೆ-ಗಾರೆಯ ಮದ್ದಿನ ಮನೆಗಳನ್ನು ನೀವು ನೋಡಿರಬಹುದು. ಅವುಗಳಲ್ಲೊಂದನ್ನು 2017ರಲ್ಲಿ ರೈಲಿನ ಜೋಡಿಹಳಿಗಾಗಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಅಲ್ಲಿಯ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗದ ಚಿತ್ರವಿದೆ. ಬೇಲಿಯ ಸೈನ್ಯದ ನಟ್ಟನಡುವೆ ಮದ್ದಿನ ಬಂಡಿ ಸಿಡಿಯುತ್ತಿರುವುದನ್ನು ಚಿತ್ರಕಾರ ಮರೆಯದೆ ಬರೆದಿದ್ದಾನೆ; ಮೈಸೂರಿನವರ ಗೆಲುವಿಗೆ ಆ ಸಿಡಿತವೂ ಒಂದು ಕಾರಣ. ಹತ್ತೊಂಬತ್ತು ವರ್ಷಗಳ ಮೇಲೆ ಅದೇ ವಿಧಿ ತಿರುಗಿ ಬಂತು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ದಂಡು ಹಿಮ್ಮೆಟ್ಟಿತು. ಮೇ 2ರಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಗುಂಡು ತಾಗಿ ಅದು ಸಿಡಿಯಿತು. ಮೇ 4ರಂದು ಕೋಟೆ ಬಿತ್ತು. ಗೆದ್ದವರು ಎಣಿಸಿದಾಗ 929 ಫಿರಂಗಿಗಳು, 99,000ದಷ್ಟು ಬಂದೂಕುಗಳು, 5,20,000 ಪೌಂಡ್ ಮದ್ದು ಸಿಕ್ಕಿತು. ಮದ್ದಿಗೆ ಬರವಿದ್ದು ಸೋತ ಯುದ್ಧವಲ್ಲ ಅದು.

ಸೈನ್ಯಗಳಲ್ಲಿ ಆ ಹೊತ್ತಿಗಾಗಲೇ ಒಂದು ದೊಡ್ಡ ಬದಲಾವಣೆ ಆಗಿತ್ತು. ಸಿಪಾಯಿಯ ಕೈಯಿಂದ ಅಳತೆಯನ್ನು ಕಿತ್ತುಕೊಂಡು, ಒಂದು ಸಲಕ್ಕೆ ಬೇಕಾಗುವ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು. ಅದೇ ತೋಟಾ. ಹಲ್ಲಿನಿಂದ ಕಚ್ಚಿ ಹರಿದು ನಳಿಗೆಗೆ ಸುರಿದರಾಯಿತು, ಯೋಚನೆ ಬೇಡ. ಆ ಕಾಗದಕ್ಕೆ ಯಾವ ಕೊಬ್ಬನ್ನು ಸವರಿದ್ದಾರೆ ಎಂಬ ಶಂಕೆ 1857ರಲ್ಲಿ ಏನು ಮಾಡಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ನಾನು ಹೇಳಬೇಕೆಂದಿರುವುದು ಆ ದಂಗೆಯ ಬೆನ್ನಿಗೇ ಬಂದ ನಿಶ್ಶಸ್ತ್ರೀಕರಣದ ಕಾಯಿದೆಯ ಸಂಗತಿ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದರು. ಅದೇ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಹಲಗಲಿಯ ಲಾವಣಿಯನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಓದಿಸಿದ್ದೇನೆ. ಬೇಟೆಯೇ ಬದುಕಾದವನಿಗೆ ಹತಾರ ಕೊಡು ಎಂದರೆ ನೇಗಿಲು ಕೊಡು ಎಂದಂತೆ ಎಂಬುದು ಹುಡುಗರಿಗೆ ಬಿಡಿಸಿ ಹೇಳದೆಯೇ ತಿಳಿಯುತ್ತಿತ್ತು.

ಅದೇ ಸರ್ಕಾರ ಕೊಡಗಿನಲ್ಲಿ ಬೇರೆ ಲೆಕ್ಕ ಹಾಕಿತು. ಕೊಡವರ ನಿಷ್ಠೆಯನ್ನು ಮೆಚ್ಚಿ, ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಅವರಿಗೆ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಅದು ಬೇರೆ ಬೇರೆ ರೂಪದಲ್ಲಿ ಮುಂದುವರಿದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ನಾಡಿನಲ್ಲಿ ಕೋವಿ ಕೈಲ್ ಮುಹೂರ್ತದ ಪೂಜೆಗೂ ಸಲ್ಲುತ್ತದೆ. ನಮ್ಮ ಮಂಡ್ಯದ ಬಯಲುಸೀಮೆಗೆ ಅಂಥ ಭಾಗ್ಯವಿರಲಿಲ್ಲ. 1878ರ ಆಯುಧ ಕಾಯಿದೆ, ಆಮೇಲೆ ಸ್ವತಂತ್ರ ಭಾರತದ 1959ರ ಕಾಯಿದೆ, ಇವುಗಳ ನೆರಳಿನಲ್ಲಿ ಬೆಳೆರಕ್ಷಣೆಯ ಪರವಾನಗಿಯೇ ಇಲ್ಲಿಯ ರೈತನ ಕೋವಿಗೆ ಆಧಾರ.

ಕಾಯಿದೆಗಿಂತಲೂ ಮೆಲ್ಲಗೆ, ಗದ್ದಲವಿಲ್ಲದೆ ರೈತನ ಕೈ ಕಟ್ಟಿದ್ದು ಮಾತ್ರ ಆ ಪುಟ್ಟ ಕೇಪು. ಸ್ಕಾಟ್ಲೆಂಡಿನ ಫೋರ್ಸೈತ್ ಎಂಬ ಪಾದ್ರಿ, ಪೆಟ್ಟು ಬಿದ್ದೊಡನೆ ಉರಿಯುವ ಮದ್ದನ್ನು ಕೋವಿಗೆ ಅಳವಡಿಸಿ 1807ರಲ್ಲಿ ಹಕ್ಕು ಪಡೆದ. ಅದರಿಂದ ಹುಟ್ಟಿದ ತಾಮ್ರದ ಕೇಪು ಮಳೆಯಲ್ಲೂ ಹೊತ್ತಿತು, ಬತ್ತಿಯ ಕಾಟ ತಪ್ಪಿತು. ಬೇಟೆಗಾರನಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಅದನ್ನು ನಮ್ಮ ಕಮ್ಮಾರ ಮಾಡಲಾರ, ಕಾರ್ಖಾನೆಯಿಂದಲೇ ಬರಬೇಕು. ಡಬ್ಬಿಯಲ್ಲಿ ಕೇಪು ಮುಗಿದ ದಿನ ಕೊಂಬಿನ ತುಂಬ ಮದ್ದಿದ್ದರೂ ಕೋವಿ ಒನಕೆಗೆ ಸಮ. ಆಮೇಲೆ ಹಿಂಬದಿಯಿಂದ ತುಂಬುವ ತೋಟಾ ಕೋವಿ ಬಂತು. ಮದ್ದು, ಗುಂಡು, ಕೇಪು ಮೂರೂ ಒಂದೇ ಚಿಪ್ಪಿನೊಳಗೆ ಸೇರಿದವು. ಸಂಚಿ ಹಗುರವಾಯಿತು. ಮಾವನಂಥವರ ಹಿತ್ತಾಳೆಯ ನಳಿಗೆ ಅಟ್ಟಕ್ಕೆ ಹೋಯಿತು.

ಈಗ ಟೆಕ್ಸಾಸಿನ ಹುಡುಗನಿಗೆ ಉತ್ತರ. ಅವನು ಕೊಳ್ಳಹೊರಟಿರುವ ಪೆಟ್ಟಿಗೆಯಲ್ಲಿ ಏನಿರುತ್ತದೆಂದು ಓದಿಕೊಂಡೆ. ಸನ್ನೆ ಒತ್ತಿ ಚಿಪ್ಪನ್ನು ಆಕಾರಕ್ಕೆ ತರುವ ಒತ್ತುಯಂತ್ರ, ಅದಕ್ಕೆ ಅಚ್ಚುಗಳು, ಹಳೆಯ ಕೇಪು ತೆಗೆದು ಹೊಸದನ್ನು ಕೂರಿಸುವ ಸಾಧನ, ಮದ್ದಿನ ಅಳತೆ, ತಕ್ಕಡಿ, ಮದ್ದಿನ ಪ್ರಮಾಣಗಳನ್ನು ಅಚ್ಚುಹಾಕಿದ ಕೈಪಿಡಿ. ಗಂಟೆಗೆ ನೂರಾರು ತುಂಬುವ ಯಂತ್ರಗಳೂ ಇವೆಯಂತೆ. ಹೊಸಬನಿಗೆ ಅವು ಬೇಡ. ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಾದಾ ಯಂತ್ರವೇ ಲೇಸು, ಏಕೆಂದರೆ ಅದರಲ್ಲಿ ಪ್ರತಿಯೊಂದು ಚಿಪ್ಪೂ ಕೈಗೂ ಕಣ್ಣಿಗೂ ಸಿಗುತ್ತದೆ. ಹಣ ಸಾಲದಿದ್ದರೆ ಯಂತ್ರದಲ್ಲಿ ಉಳಿಸಲಿ, ತಕ್ಕಡಿಯಲ್ಲಿ ಉಳಿಸದಿರಲಿ. ಎಲ್ಲಕ್ಕಿಂತ ಮೊದಲು ಕೈಪಿಡಿಯನ್ನು ಕೊಂಡು, ಪೂರ್ತಿ ಓದಿ, ಆಮೇಲೆ ಅಂಗಡಿಗೆ ಹೋಗಲಿ. ತಾತನ ಕಾಲದ ಕರಿಮದ್ದು ಬೇರೆ, 1884ರಲ್ಲಿ ಫ್ರಾನ್ಸಿನ ವಿಯೆಯ್ ಕಂಡುಹಿಡಿದ ಹೊಗೆಯಿಲ್ಲದ ಮದ್ದು ಬೇರೆ. ಎರಡನೆಯದನ್ನು ಮೊದಲನೆಯದರ ಅಳತೆಯಲ್ಲಿ ಹಾಕಿದರೆ ಕೋವಿಯೂ ಉಳಿಯದು, ಕೈಯೂ ಉಳಿಯದು. 12 ಬೋರಿನ ತೋಟಾದ ಮೇಲೆ ಇಂದಿಗೂ ಡ್ರಾಮ್ ಎಂದು ಬರೆದಿರುವುದುಂಟು. ಔನ್ಸಿನ 16ರಲ್ಲಿ ಒಂದು ಪಾಲು ಎಂಬ ಆ ತೂಕ ಕರಿಮದ್ದಿನ ಕಾಲದ ಪಳೆಯುಳಿಕೆ, ಒಳಗಿರುವ ಮದ್ದಿನ ತೂಕವಲ್ಲ. 12 ಎಂಬುದೂ ಹಾಗೆಯೇ ಹಳೆಯದು: ಒಂದು ಪೌಂಡ್ ಸೀಸದಲ್ಲಿ ಒಂದೇ ಸಮನಾದ 12 ಗುಂಡುಗಳನ್ನು ಎರಕ ಹೊಯ್ದರೆ ಒಂದೊಂದು ಗುಂಡು ಕೂರುವಷ್ಟು ಅಗಲದ ನಳಿಗೆ ಎಂದು ಅದರ ಅರ್ಥ.

ಇದನ್ನು ಕೇಳಿ ಇಲ್ಲಿ ಯಾರೂ ಉತ್ಸಾಹಗೊಳ್ಳಬಾರದು. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯೂ ಅಷ್ಟೆ. ಅದು ಸರಿಯೆಂದೇ ನನ್ನ ಮತ. ಆದರೆ ಮುತ್ತತ್ತಿಯ ಕಾಡಂಚಿನಲ್ಲಿ ಹಂದಿಯ ಹಿಂಡು ಒಂದು ರಾತ್ರಿಯಲ್ಲಿ ಹೊಲವನ್ನು ಉತ್ತು ಹೋದ ಬೆಳಿಗ್ಗೆ, ರೈತನ ಮುಂದೆ ನಿಂತು ಆ ಮತವನ್ನು ಹೇಳುವುದು ಸುಲಭವಲ್ಲ. ಪರವಾನಗಿಯ ಕೋವಿಯುಳ್ಳವನೂ ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೊಪ್ಪಿಸಿ ರಸೀತಿ ಪಡೆಯಬೇಕು. ಚುನಾವಣೆ ಬೇಸಿಗೆಯಲ್ಲಿ ಬಂದರೆ ಚಿಂತೆಯಿಲ್ಲ. ರಾಗಿ ತೆನೆಗಟ್ಟುವ ಕಾಲಕ್ಕೆ ಬಂದರೆ, ಅವನು ಹಳೆಯ ತಗಡಿನ ಡಬ್ಬವನ್ನೂ ಒಂದು ಕೋಲನ್ನೂ ಹಿಡಿದು ಅಟ್ಟಣೆ ಹತ್ತುತ್ತಾನೆ.