ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಹೈಸ್ಕೂಲುಗಳು: ಒಂದು ತುಲನೆ

ಒಂದು ದೇಶದ ವಿದ್ಯಾಭ್ಯಾಸದ ಚರಿತ್ರೆಯನ್ನು ಅರಿಯಬೇಕಾದರೆ ಅಲ್ಲಿಯ ಹೆಸರುವಾಸಿಯಾದ ವಿಶ್ವವಿದ್ಯಾನಿಲಯಗಳನ್ನು ನೋಡಿದರೆ ಸಾಲದು. ಹಳ್ಳಿಗಾಡಿನ ಶಾಲೆಗಳನ್ನೂ ಪರಿಶೀಲಿಸಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನದ ವರ್ಜೀನಿಯಾ ರಾಜ್ಯದಲ್ಲಿ ಪ್ರಿನ್ಸ್ ಎಡ್ವರ್ಡ್ ಎಂಬುದೊಂದು ಸಣ್ಣ ಕೌಂಟಿ. ಹೊಗೆಸೊಪ್ಪಿನ ಬೇಸಾಯವು ಅಲ್ಲಿಯ ಹಳೆಯ ಜೀವನೋಪಾಯ. ಫಾರ್ಮ್‌ವಿಲ್ ಎಂಬುದು ಅದರ ಮುಖ್ಯ ಪಟ್ಟಣ. ೧೯೫೧ರ ವೇಳೆಗೆ ಈ ಕೌಂಟಿಯಲ್ಲಿ ಮೂರು ಸಾರ್ವಜನಿಕ ಹೈಸ್ಕೂಲುಗಳಿದ್ದವು. ಫಾರ್ಮ್‌ವಿಲ್ ಮತ್ತು ವರ್ಷಮ್ ಶಾಲೆಗಳು ಬಿಳಿಯರ ಮಕ್ಕಳಿಗೆ. ಮೋಟನ್ ಶಾಲೆಯು ಕಪ್ಪುಜನರ ಮಕ್ಕಳಿಗೆ. ಈ ವಿಭಾಗವು ರಾಜ್ಯದ ಶಾಸನದಿಂದಲೇ ವಿಧಿತವಾಗಿದ್ದಿತು. ವ್ಯವಸ್ಥೆಗಳು ಸಮನಾಗಿದ್ದರೆ ಜನರನ್ನು ಬೇರ್ಪಡಿಸುವುದು ತಪ್ಪಲ್ಲವೆಂದು ದೇಶದ ಶ್ರೇಷ್ಠ ನ್ಯಾಯಾಲಯವು ೧೮೯೬ರಲ್ಲಿ ಕೊಟ್ಟಿದ್ದ ತೀರ್ಪು ಇದಕ್ಕೆ ಆಧಾರವಾಗಿದ್ದಿತು.

ಆದುದರಿಂದ ಈ ಶಾಲೆಗಳನ್ನು ಹೋಲಿಸಿ ನೋಡುವುದು ಕೇವಲ ಕುತೂಹಲದ ವಿಷಯವಲ್ಲ. ಆ ತೀರ್ಪಿನ ಸತ್ಯಾಸತ್ಯಗಳ ಪರೀಕ್ಷೆಯೇ ಅದರಲ್ಲಿ ಅಡಗಿದೆ. ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ ಬೂಕರ್ ಟಿ. ವಾಷಿಂಗ್ಟನ್ನರ ಉತ್ತರಾಧಿಕಾರಿಯಾಗಿದ್ದ ರಾಬರ್ಟ್ ರಸ್ಸ ಮೋಟನ್ನರ ಹೆಸರನ್ನು ಹೊತ್ತ ಶಾಲೆಯ ಕಟ್ಟಡವು ೧೯೩೯ರಲ್ಲಿ ಸಿದ್ಧವಾಯಿತು. ಅದು ೧೮೦ ವಿದ್ಯಾರ್ಥಿಗಳಿಗೆ ಸಾಕಾಗುವಂತೆ ಕಟ್ಟಿದುದು; ೧೯೫೧ರಲ್ಲಿ ಅಲ್ಲಿ ೪೫೦ಕ್ಕೂ ಹೆಚ್ಚು ಮಂದಿ ಓದುತ್ತಿದ್ದರು. ಈ ಇಕ್ಕಟ್ಟಿಗೆ ಶಾಲಾಮಂಡಲಿಯವರು ಮಾಡಿದ ಪರಿಹಾರವೆಂದರೆ ಮರದ ಚೌಕಟ್ಟಿನ ಮೇಲೆ ಡಾಂಬರು ಕಾಗದವನ್ನು ಹೊದಿಸಿದ ತಾತ್ಕಾಲಿಕ ಕೊಠಡಿಗಳು. ಮಳೆಗಾಲದಲ್ಲಿ ಅವು ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಬಳಿ ಕುಳಿತವರು ಬೆವರುತ್ತಿದ್ದರೆ ದೂರ ಕುಳಿತವರು ನಡುಗುತ್ತಿದ್ದರು. ಫಾರ್ಮ್‌ವಿಲ್ ಶಾಲೆಗೆ ವ್ಯಾಯಾಮಶಾಲೆ, ಭೋಜನಶಾಲೆಗಳಿದ್ದವು. ಮೋಟನ್ನಿನಲ್ಲಿ ಅವಾವುವೂ ಇರಲಿಲ್ಲ.

ಸಾಹಿತ್ಯ ಶಾಸ್ತ್ರಗಳನ್ನು ಬೋಧಿಸುವವರು ಕಟ್ಟಡಗಳಿಗಿಂತಲೂ ಹೆಚ್ಚಾಗಿ ಗಮನಿಸತಕ್ಕ ಅಂಶ ಪಾಠಕ್ರಮದ್ದು. ಬಿಳಿಯರ ಶಾಲೆಗಳಲ್ಲಿ ಕಲಿಸುತ್ತಿದ್ದ ಲ್ಯಾಟಿನ್ ಭಾಷೆ, ಭೌತಶಾಸ್ತ್ರ, ಜಗತ್ತಿನ ಚರಿತ್ರೆ ಈ ವಿಷಯಗಳು ಮೋಟನ್ನಿನಲ್ಲಿ ಇರಲಿಲ್ಲ. ಕಟ್ಟಡದ ಕೊರತೆಯು ಶರೀರಕ್ಕೆ ಕಷ್ಟಕೊಡುವುದು. ಪಾಠದ ಕೊರತೆಯಾದರೋ ಮುಂದಿನ ವಿದ್ಯೆಯ ಬಾಗಿಲನ್ನೇ ಮುಚ್ಚುವುದು.

ತಂದೆತಾಯಿಗಳೂ ಪಾದ್ರಿ ಎಲ್. ಫ್ರಾನ್ಸಿಸ್ ಗ್ರಿಫಿನ್ನರೂ ಹೊಸ ಕಟ್ಟಡಕ್ಕಾಗಿ ಶಾಲಾಮಂಡಲಿಗೆ ಹಲವು ಸಲ ಮನವಿಮಾಡಿದರೂ ಫಲ ದೊರೆಯಲಿಲ್ಲ. ೧೯೫೧ರ ಏಪ್ರಿಲ್ ೨೩ರಂದು ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಎಂಬ ವಿದ್ಯಾರ್ಥಿನಿಯ ಮುಂದಾಳುತನದಲ್ಲಿ ಮೋಟನ್ ಶಾಲೆಯ ಮಕ್ಕಳು ತರಗತಿಗಳನ್ನು ತೊರೆದು ಹೊರಬಂದರು. ಅವರು ಮೊದಲು ಬೇಡಿದುದು ಒಳ್ಳೆಯ ಕಟ್ಟಡವೊಂದನ್ನು ಮಾತ್ರ. ಆಲಿವರ್ ಹಿಲ್, ಸ್ಪಾಟ್ಸ್‌ವುಡ್ ರಾಬಿನ್ಸನ್ ಎಂಬ ವಕೀಲರು, ಬೇರ್ಪಡೆಯನ್ನೇ ಪ್ರಶ್ನಿಸುವುದಾದರೆ ಮಾತ್ರ ವ್ಯಾಜ್ಯವನ್ನು ನಡೆಸುವೆವೆಂದರು. ಮಕ್ಕಳೂ ಪೋಷಕರೂ ಒಪ್ಪಿದರು. ಇಲ್ಲಿಗೆ ಹೋಲಿಕೆಯ ಸ್ವರೂಪವೇ ಬದಲಾಯಿತು. ‘ಯಾವ ಶಾಲೆ ಮೇಲು?’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಶಾಲೆಗಳು ಎರಡೇಕೆ?’ ಎಂಬ ಪ್ರಶ್ನೆ ನಿಂತಿತು.

ಮೇ ೨೩ರಂದು ದಾಖಲಾದ ಈ ಮೊಕದ್ದಮೆಯಲ್ಲಿ ವಾದಿಗಳಾಗಿದ್ದ ವಿದ್ಯಾರ್ಥಿಗಳು ೧೧೭ ಮಂದಿ. ೧೯೫೨ರಲ್ಲಿ ಮೂವರು ನ್ಯಾಯಾಧೀಶರ ಪೀಠವು ಕಟ್ಟಡ, ಪಾಠಕ್ರಮ, ವಾಹನಸೌಕರ್ಯಗಳಲ್ಲಿ ಅಸಮತೆಯುಂಟೆಂದು ಒಪ್ಪಿ, ಅದನ್ನು ಸರಿಪಡಿಸಬೇಕೆಂದು ವಿಧಿಸಿತು. ಬೇರ್ಪಡೆಯನ್ನು ಮಾತ್ರ ಎತ್ತಿಹಿಡಿಯಿತು. ೧೯೫೩ರಲ್ಲಿ ಮೋಟನ್ ಶಾಲೆಗೆ ಹೊಸ ಕಟ್ಟಡವೂ ದೊರೆಯಿತು. ಇಟ್ಟಿಗೆಗಾರೆಗಳ ಲೆಕ್ಕವೇ ಮುಖ್ಯವಾಗಿದ್ದರೆ ವ್ಯಾಜ್ಯವು ಅಲ್ಲಿಗೆ ಮುಗಿಯಬೇಕಾಗಿದ್ದಿತು. ಆದರೆ ಈ ಮೊಕದ್ದಮೆಯೂ ಸೇರಿದಂತೆ ಬ್ರೌನ್ ಪ್ರಕರಣವೆಂದು ಪ್ರಸಿದ್ಧವಾದ ವ್ಯಾಜ್ಯಗಳಲ್ಲಿ ೧೯೫೪ರ ಮೇ ೧೭ರಂದು ಶ್ರೇಷ್ಠ ನ್ಯಾಯಾಲಯವು, ಬೇರ್ಪಡಿಸಿದ ಶಾಲೆಗಳು ಸ್ವಭಾವತಃ ಅಸಮವೆಂದು ತೀರ್ಮಾನಿಸಿತು.

ತೀರ್ಪು ಬಂದಿತು, ಶಾಲೆ ದೊರೆಯಲಿಲ್ಲ. ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಗಳನ್ನು ಮುಚ್ಚುವುದೇ ಲೇಸೆಂದು ಬಗೆದ ಕೌಂಟಿಯ ಆಡಳಿತಮಂಡಲಿಯು ೧೯೫೯ರಲ್ಲಿ ಸಾರ್ವಜನಿಕ ಶಾಲೆಗಳಿಗೆ ಹಣವನ್ನು ನಿರಾಕರಿಸಿತು. ಬಿಳಿಯ ಮಕ್ಕಳಿಗಾಗಿ ಖಾಸಗಿ ಶಾಲೆಗಳೆದ್ದವು. ಸ್ವಲ್ಪ ಕಾಲ ಅವಕ್ಕೆ ಸಾರ್ವಜನಿಕ ದ್ರವ್ಯದ ಸಹಾಯವೂ ದೊರೆಯಿತು. ಕಪ್ಪುಜನರ ಮಕ್ಕಳಲ್ಲಿ ಕೆಲವರು ದೂರದ ಬಂಧುಗಳ ಮನೆಗಳಿಗೂ ಹೊರರಾಜ್ಯಗಳಿಗೂ ಹೋಗಿ ಓದಿದರು. ಉಳಿದ ಅನೇಕರಿಗೆ ಅಕ್ಷರವೇ ದುರ್ಲಭವಾಯಿತು. ೧೯೬೩ರಲ್ಲಿ ಉಚಿತ ಶಾಲೆಗಳು ತೆರೆಯುವವರೆಗೆ ನಾಲ್ಕು ವರ್ಷಗಳು ಹೀಗೆಯೇ ಕಳೆದವು. ೧೯೬೪ರ ಮೇ ೨೫ರಂದು ಶ್ರೇಷ್ಠ ನ್ಯಾಯಾಲಯವು ಈ ಮುಚ್ಚುಗಡೆಯು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು; ಆ ವರ್ಷವೇ ಸಾರ್ವಜನಿಕ ಶಾಲೆಗಳು ಮತ್ತೆ ತೆರೆದವು.

ಮೇಲಣ ಸಂಗತಿಗಳಿಂದ ತೋರಿಬರುವುದೇನೆಂದರೆ, ಶಾಲೆಗಳ ತುಲನೆಯಲ್ಲಿ ಕಟ್ಟಡ, ಗ್ರಂಥ, ಪಾಠಕ್ರಮಗಳನ್ನು ಎಣಿಸುವುದು ಅವಶ್ಯವಾದರೂ ಅದೇ ಕೊನೆಯಲ್ಲ. ೧೯೫೧ರಲ್ಲಿ ಆ ಎಣಿಕೆಯು ಅನ್ಯಾಯವನ್ನು ಬಯಲಿಗೆಳೆಯಿತು. ೧೯೫೩ರ ತರುವಾಯ ಅದೇ ಎಣಿಕೆಯನ್ನು ನಂಬಿದ್ದರೆ ಅನ್ಯಾಯವು ಮರೆಯಾಗುತ್ತಿದ್ದಿತು. ೧೯೩೯ರ ಆ ಹಳೆಯ ಕಟ್ಟಡವನ್ನು ೧೯೯೮ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. ಇಂದು ಅದು ವಸ್ತುಸಂಗ್ರಹಾಲಯವಾಗಿದೆ. ಕಳೆದುಹೋದ ಆ ವರ್ಷಗಳ ವಿದ್ಯೆಯನ್ನು ಮಾತ್ರ ಯಾವ ತೀರ್ಪೂ ಆ ಮಕ್ಕಳಿಗೆ ಹಿಂದಿರುಗಿಸಲಾರದೆ ಹೋಯಿತು.