ಇಂಧನ ಮುಚ್ಚಳದ ಚಿಲಕ, ಲಘು ವಿಮಾನಗಳಲ್ಲಿ

ಲಘು ವಿಮಾನದ ರೆಕ್ಕೆಯ ಮೇಲ್ಭಾಗದಲ್ಲಿ ಇಂಧನ ತುಂಬುವ ಬಾಯಿಗೆ ಹಾಕಿದ ಮುಚ್ಚಳವನ್ನು ಬಿಗಿಯಾಗಿ ಹಿಡಿದಿಡುವ ಭಾಗ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಸಾಮಾನು. ಅದರ ಹಿಡಿತ ಸಡಿಲಾದರೆ ಒಳಗಿನ ಇಂಧನ ಹೊರಗೆ ಹೋಗುತ್ತದೆ, ಹೊರಗಿನ ಮಳೆನೀರು ಒಳಗೆ ಬರುತ್ತದೆ. ಹಾರಾಟದ ನಡುವೆ ಎಂಜಿನ್ ನಿಲ್ಲಲು ಇವೆರಡರಲ್ಲಿ ಒಂದಾದರೂ ಸಾಕು.

ಇಂಥ ಮುಚ್ಚಳಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು, ಒತ್ತಿ ತಿರುಗಿಸಿ ಕೂರಿಸುವ ಸರಳ ಮುಚ್ಚಳ. ಎರಡನೆಯದು ರೆಕ್ಕೆಯ ಮಟ್ಟಕ್ಕೆ ಸಮನಾಗಿ ಕೂರುವ ಮಟ್ಟಸ ಮುಚ್ಚಳ. ಸೆಸ್ನಾ, ಮೂನಿ, ಬೀಚ್‌ಕ್ರಾಫ್ಟ್ ಕಂಪನಿಗಳ ಅನೇಕ ಮಾದರಿಗಳಲ್ಲಿ ಈ ಬಗೆಯದು ಸಿಗುತ್ತದೆ. ಸವೆತದ ತೊಂದರೆ ಹೆಚ್ಚಾಗಿ ಕಾಡುವುದು ಇದರಲ್ಲೇ. ಇದರ ನೆತ್ತಿಯಲ್ಲಿ ಮಡಚುವ ಪುಟ್ಟ ಹಿಡಿಕೆಯಿರುತ್ತದೆ. ಹಿಡಿಕೆಯನ್ನು ಎತ್ತಿ ತಿರುಗಿಸಿದರೆ ಮುಚ್ಚಳದ ಕೆಳಗಿನ ಲೋಹದ ತೋಳುಗಳು ಬಾಯಿಯ ಉಂಗುರದ ಅಡಿಗೆ ಸರಿಯುತ್ತವೆ. ಮತ್ತೆ ಮಡಚಿದಾಗ ಹಿಡಿಕೆಯ ಬುಡದಲ್ಲಿರುವ ಉಬ್ಬು, ಅಂದರೆ ಕ್ಯಾಮ್, ನಡುವಿನ ದಂಡವನ್ನು ಮೇಲಕ್ಕೆ ಎಳೆಯುತ್ತದೆ. ಆಗ ತೋಳುಗಳು ಉಂಗುರವನ್ನು ಕಚ್ಚಿ ಹಿಡಿಯುತ್ತವೆ, ಅಂಚಿನ ರಬ್ಬರ್ ಬಳೆ, ಅಂದರೆ ಓ-ರಿಂಗ್, ಸಂದನ್ನು ಮುಚ್ಚುತ್ತದೆ. ದಂಡದ ಸುತ್ತ ಇನ್ನೊಂದು ಸಣ್ಣ ಓ-ರಿಂಗ್ ಇರುತ್ತದೆ. ದೊಡ್ಡದನ್ನು ಬದಲಾಯಿಸಿ ಇದನ್ನು ಮರೆಯುವವರು ಬಹಳ. ನೀರಿಗೆ ಆ ಸಣ್ಣ ದಾರಿಯೇ ಸಾಕು.

ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಿರುತ್ತದೆ. ವಿಮಾನವನ್ನು ಎತ್ತಿ ಹಿಡಿಯುವ ಅದೇ ಶಕ್ತಿ ಸಡಿಲ ಮುಚ್ಚಳದ ಸಂದಿನಿಂದ ಇಂಧನವನ್ನೂ ಹೀರುತ್ತದೆ. ಹಳೆಯ ಸೆಸ್ನಾ 182ರಂಥ ವಿಮಾನಗಳಲ್ಲಿ ಇಂಧನ ತುಂಬಿಕೊಳ್ಳುವುದು ರೆಕ್ಕೆಯೊಳಗಿನ ರಬ್ಬರ್ ಚೀಲದಲ್ಲಿ. ಅಲ್ಲಿ ಅಪಾಯ ಇನ್ನೂ ಗುಟ್ಟಾಗಿರುತ್ತದೆ. ಸೆಳೆತಕ್ಕೆ ಚೀಲದ ತಳವೇ ಮೇಲಕ್ಕೆದ್ದು ಇಂಧನ ಮಾಪಕದ ತೇಲುಗುಂಡನ್ನೂ ಎತ್ತಿಬಿಡಬಹುದು. ಟ್ಯಾಂಕ್ ಬರಿದಾಗುತ್ತಿದ್ದರೂ ಮುಳ್ಳು ತುಂಬಿದೆ ಎಂದೇ ತೋರಿಸುತ್ತದೆ. ಚಾಲಕ ನಂಬುವ ಮಾಪಕವೇ ಸುಳ್ಳು ಹೇಳುವ ಈ ಸ್ಥಿತಿಗಿಂತ ಕೆಟ್ಟದ್ದು ಇಂಧನ ವ್ಯವಸ್ಥೆಯಲ್ಲಿ ವಿರಳ.

ನೆಲದಲ್ಲಿ ನಿಂತಾಗಿನ ಶತ್ರು ಮಳೆ. ಮಟ್ಟಸ ಮುಚ್ಚಳದ ಸುತ್ತಲ ತಗ್ಗು ಬಟ್ಟಲಿನಂತೆ ನೀರು ಹಿಡಿಯುತ್ತದೆ. ಓ-ರಿಂಗ್ ಗಡುಸಾಗಿದ್ದರೆ ರಾತ್ರಿಯಿಡೀ ಆ ನೀರು ಒಳಗೆ ಜಿನುಗುತ್ತದೆ. ಈ ವಿಮಾನಗಳ ಪೆಟ್ರೋಲ್ ಆದ ಏವಿಗ್ಯಾಸ್ ಲೀಟರಿಗೆ ಸುಮಾರು 0.72 ಕೆ.ಜಿ. ತೂಗುತ್ತದೆ, ನೀರು 1 ಕೆ.ಜಿ. ಹಾಗಾಗಿ ನೀರು ತಳ ಸೇರುತ್ತದೆ. ಬೆಳಗಿನ ತಪಾಸಣೆಯಲ್ಲಿ ತಳದ ಕವಾಟದಿಂದ ಅದನ್ನು ಬಸಿದು ತೆಗೆಯಬಹುದು ನಿಜ, ಆದರೆ ರಬ್ಬರ್ ಚೀಲದ ಸುಕ್ಕುಗಳ ನಡುವೆ ಸಿಕ್ಕಿಕೊಂಡ ನೀರು ಕವಾಟದವರೆಗೆ ಬರುವುದೇ ಇಲ್ಲ. ವಿಮಾನ ಓಡುಹಾದಿಯಲ್ಲಿ ಮೂತಿ ಎತ್ತಿದಾಗ ಅದು ಒಮ್ಮೆಲೇ ಎಂಜಿನ್ನಿನ ಕಡೆ ಹರಿಯುತ್ತದೆ. ಈ ಕಾರಣಕ್ಕೇ ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ 1984ರಲ್ಲಿ ಚೀಲದ ಟ್ಯಾಂಕುಗಳಿರುವ ಸೆಸ್ನಾ ಮಾದರಿಗಳಿಗೆ ಕಡ್ಡಾಯ ನಿರ್ದೇಶನ ಹೊರಡಿಸಿ, ಚೀಲದ ಸುಕ್ಕುಗಳ ಜೊತೆಗೆ ಮುಚ್ಚಳದ ಸೋರಿಕೆಯನ್ನೂ ಪರೀಕ್ಷಿಸುವಂತೆ ಹೇಳಿತು.

ಸವೆತವನ್ನು ಕಣ್ಣಿಗಿಂತ ಮೊದಲು ಹೆಬ್ಬೆರಳು ಗುರುತಿಸುತ್ತದೆ. ಒಳ್ಳೆಯ ಚಿಲಕ ಮಡಚುವಾಗ ಅರ್ಧ ದಾರಿಯಲ್ಲಿ ಎದುರೊತ್ತುತ್ತದೆ, ಆಮೇಲೆ ಟಕ್ಕೆಂದು ಕೂರುತ್ತದೆ. ಸವೆದದ್ದು ಬೆರಳು ತಾಕಿದರೆ ಸಾಕು, ಸದ್ದಿಲ್ಲದೆ ಮಲಗುತ್ತದೆ. ಎಷ್ಟು ಸುಲಭವಾಗಿ ಮಲಗುತ್ತದೋ ಗಾಳಿಯಲ್ಲಿ ಅಷ್ಟೇ ಸುಲಭವಾಗಿ ಏಳಲೂಬಹುದು. ಬಿಚ್ಚಿ ನೋಡಿದರೆ ಕ್ಯಾಮಿನ ಮೂಲೆ ಚಪ್ಪಟೆಯಾಗಿರುತ್ತದೆ, ಹಿಡಿಕೆಯ ಪಿನ್ ಕೂರುವ ದುಂಡು ತೂತು ಉದ್ದುದ್ದವಾಗಿ ಹಿಗ್ಗಿರುತ್ತದೆ, ಉಂಗುರದ ಅಡಿಯಲ್ಲಿ ತೋಳುಗಳು ಉಜ್ಜಿ ಗೆರೆ ಕೊರೆದಿರುತ್ತವೆ. ರೆಕ್ಕೆಯ ಮೇಲೆ ಮುಚ್ಚಳದಿಂದ ಹಿಂದಕ್ಕೆ ಎಳೆದ ನೀಲಿ ಕಲೆ ಕಂಡರೆ ಅದು ಸೋರಿಕೆಯ ಗುರುತು. 100ಎಲ್‌ಎಲ್ ಎಂಬ ಬಗೆಯ ಏವಿಗ್ಯಾಸಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಇಂಧನ ಆರಿಹೋದರೂ ಬಣ್ಣ ಉಳಿಯುತ್ತದೆ.

ಅನೇಕ ಮುಚ್ಚಳಗಳಲ್ಲಿ ದಂಡದ ಕೆಳತುದಿಯ ನಟ್ಟು ಬಿಗಿತವನ್ನು ನಿರ್ಧರಿಸುತ್ತದೆ. ಚಿಲಕ ಸಡಿಲ ಎನಿಸಿದ ಕೂಡಲೇ ಆ ನಟ್ಟನ್ನು ಬಿಗಿಮಾಡಿ ಮುಗಿಸುವುದು ರೂಢಿಯಲ್ಲಿರುವ ತಪ್ಪು. ಸಡಿಲಿಗೆ ಕಾರಣ ಗಡುಸಾದ ಓ-ರಿಂಗೋ, ಸವೆದ ಕ್ಯಾಮೋ, ಹಿಗ್ಗಿದ ತೂತೋ ಎಂದು ತಿಳಿಯದೆ ಬಿಗಿಮಾಡಿದರೆ ಸವೆತ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಹೆಚ್ಚಿದ ಒತ್ತಡಕ್ಕೆ ಕ್ಯಾಮ್ ಇನ್ನೂ ಬೇಗ ಸವೆಯುತ್ತದೆ. ಸರಿಯಾದ ಕ್ರಮದಲ್ಲಿ ಮುಚ್ಚಳವನ್ನು ರೆಕ್ಕೆಯಿಂದ ಪೂರ್ತಿ ಬಿಡಿಸಿ ಬೇರೆ ಮೇಜಿಗೆ ಒಯ್ಯಬೇಕು, ತೆರೆದ ಬಾಯಿಯನ್ನು ಮುಚ್ಚಿಡಬೇಕು. ವಿಮಾನಕ್ಕೆ ಭೂಸಂಪರ್ಕ ಕೊಟ್ಟಿರಬೇಕು. ಇಂಧನದ ಆವಿಗೆ ಒಂದು ಸ್ಥಿರವಿದ್ಯುತ್ ಕಿಡಿ ಸಾಕು. ಮೊದಲು ಎರಡೂ ಓ-ರಿಂಗುಗಳನ್ನು ತೆಗೆದು ಹೊಸದು ಹಾಕಿ ಆಮೇಲೆ ಬಿಗಿತ ನೋಡಬೇಕು. ಫ್ಲೋರೋಸಿಲಿಕೋನ್ ರಿಂಗ್ ಚಳಿಯಲ್ಲೂ ಮೃದುವಾಗಿ ಉಳಿಯುತ್ತದೆ, ಆದರೆ ಉಜ್ಜಿದರೆ ನೈಟ್ರೈಲ್ ರಬ್ಬರಿನದಕ್ಕಿಂತ ಬೇಗ ಹರಿಯುತ್ತದೆ. ಯಾವುದನ್ನು ಹಾಕಬೇಕೆಂದು ಆ ಮಾದರಿಯ ಬಿಡಿಭಾಗಗಳ ಪಟ್ಟಿಯೇ ಹೇಳಬೇಕು. ಹಿಡಿಕೆಯ ಪಿನ್ ಸವೆದಿದ್ದರೆ ಹೊಸ ಪಿನ್. ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ನನ್ನು ಒಮ್ಮೆ ತೆಗೆದರೆ ಮತ್ತೆ ಹಾಕಕೂಡದು. ಅದು ಮುರಿದು ಟ್ಯಾಂಕಿಗೆ ಬಿದ್ದೀತು. ನಟ್ಟನ್ನು ಒಂದೊಂದೇ ಹಲ್ಲು ತಿರುಗಿಸಿ ಪ್ರತಿ ಸಲವೂ ಹಿಡಿಕೆ ಮಡಚಿ ನೋಡಬೇಕು. ಕ್ಯಾಮ್ ಅಥವಾ ತೂತೇ ಸವೆದಿದ್ದರೆ ಬೆಸುಗೆ ಹಾಕಿ ಅರದಿಂದ ಉಜ್ಜುವುದು ರಿಪೇರಿಯಲ್ಲ. ಅನುಮೋದಿತ ಹೊಸ ಮುಚ್ಚಳವನ್ನೇ ತರಬೇಕು, ಉಂಗುರ ಸವೆದಿದ್ದರೆ ಅದನ್ನೂ. ಮಟ್ಟಸ ಮುಚ್ಚಳದ ಬದಲು ನೀರು ನಿಲ್ಲದಂತೆ ಕೊಡೆಯಾಕಾರದಲ್ಲಿ ಮೇಲೆದ್ದು ಕೂರುವ ಮುಚ್ಚಳಗಳೂ ಕೆಲವು ಮಾದರಿಗಳಿಗೆ ಪೂರಕ ಪ್ರಮಾಣಪತ್ರದಡಿ ಸಿಗುತ್ತವೆ.

ಗಾಳಿಕಿಂಡಿಯಿರುವ ಮುಚ್ಚಳವಾದರೆ ಒಳಗಿನ ಕವಾಟವನ್ನೂ ನೋಡಬೇಕು. ಅದು ಗಾಳಿಯನ್ನು ಒಳಗೆ ಬಿಟ್ಟು ಇಂಧನವನ್ನು ಹೊರಗೆ ಬಿಡದಂತಿರಬೇಕು. ಕಿಂಡಿಯಿಲ್ಲದ್ದನ್ನು ಕಿಂಡಿಯಿರುವುದರ ಜಾಗಕ್ಕೆ ಹಾಕಿದರೆ ಟ್ಯಾಂಕಿನ ಗಾಳಿಯಾಟ ಕೆಡುತ್ತದೆ. ಮುಚ್ಚಳ ಕಳೆಯದಿರಲು ಕಟ್ಟಿದ ಸರಪಳಿ ಒಳಗಿನ ತೇಲುಗುಂಡಿನ ತೋಳಿಗೆ ಸಿಕ್ಕಿಕೊಳ್ಳುವಷ್ಟು ಉದ್ದವಿರಬಾರದು.

ಕೊನೆಯ ಪರೀಕ್ಷೆಗೆ ನೀರೇ ಬೇಕು. ಮುಚ್ಚಳ ಹಾಕಿ ಸುತ್ತಲ ತಗ್ಗಿಗೆ ನೀರು ತುಂಬಿ, ಮಟ್ಟಕ್ಕೆ ಗುರುತು ಮಾಡಿ ಬಿಡುತ್ತಾರೆ. ಮಟ್ಟ ಇಳಿದರೆ ಕೆಲಸ ಇನ್ನೂ ಆಗಿಲ್ಲ. ಪರೀಕ್ಷೆಯ ನಂತರ ತಗ್ಗಿನ ನೀರನ್ನು ಬಟ್ಟೆಯಿಂದ ಹೀರಿ ತೆಗೆದೇ ಮುಚ್ಚಳ ತೆರೆಯಬೇಕು, ಟ್ಯಾಂಕಿನ ತಳದಿಂದ ಮಾದರಿ ಬಸಿದು ನೋಡಬೇಕು. ಭಾರತದಲ್ಲಿ ಇಂಥ ಕೆಲಸಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಪಡೆದ ವಿಮಾನ ನಿರ್ವಹಣಾ ಎಂಜಿನಿಯರ್ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿದ ಮೇಲೆಯೇ ವಿಮಾನ ಮತ್ತೆ ಹಾರಾಟಕ್ಕೆ ಹೋಗುತ್ತದೆ.