ಫಜಲ್ ಅತ್ರಾಚಲಿ

ಫಜಲ್ ಅತ್ರಾಚಲಿ ಇರಾನಿನ ವೃತ್ತಿಪರ ಕಬಡ್ಡಿ ಆಟಗಾರರು. ಎಡಮೂಲೆಯ ರಕ್ಷಕರಾದ ಇವರು ದಾಳಿಗಾರನ ಕಣಕಾಲು ಹಿಡಿದು ಕೆಡವುವುದರಲ್ಲಿ ನಿಪುಣರು. ಅಭಿಮಾನಿಗಳಲ್ಲಿ 'ಸುಲ್ತಾನ್' ಎಂದು ಪ್ರಸಿದ್ಧರು.

ಪ್ರೊ ಕಬಡ್ಡಿ ಲೀಗ್‌ನಲ್ಲಿ 2015ರಲ್ಲಿ ಯು ಮುಂಬಾ, 2016ರ ನಾಲ್ಕನೆಯ ಆವೃತ್ತಿಯಲ್ಲಿ ಪಟ್ನಾ ಪೈರೇಟ್ಸ್ ತಂಡಗಳೊಂದಿಗೆ ಪ್ರಶಸ್ತಿ ಗೆದ್ದರು. 2018ರ ಹರಾಜಿನಲ್ಲಿ ಯು ಮುಂಬಾ ಇವರನ್ನು ಒಂದು ಕೋಟಿ ರೂಪಾಯಿಗೆ ಪಡೆಯಿತು. ದಾಳಿಗಾರರೇ ಹೆಚ್ಚು ಪ್ರಚಾರ ಪಡೆಯುವ ಈ ಆಟದಲ್ಲಿ ಆ ಮೊತ್ತವನ್ನು ಮೊದಲು ಮುಟ್ಟಿದವರು ರಕ್ಷಕರೆಂಬುದು ಗಮನಾರ್ಹ.

ಅದೇ ವರ್ಷ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇವರಿದ್ದ ಇರಾನ್ ತಂಡವು, 1990ರಿಂದ ಪ್ರತಿ ಬಾರಿಯೂ ಚಿನ್ನ ಗೆದ್ದಿದ್ದ ಭಾರತವನ್ನು ಸೆಮಿಫೈನಲ್‌ನಲ್ಲಿ 27–18ರಿಂದ ಮಣಿಸಿ, ಮುಂದೆ ಚಿನ್ನವನ್ನೂ ಗೆದ್ದಿತು.

ಒಂದು ಯಶಸ್ವಿ ಹಿಡಿತಕ್ಕೆ ಸಾಮಾನ್ಯವಾಗಿ ಒಂದೇ ಅಂಕ ದೊರೆಯುತ್ತದೆ. ಹೀಗಿದ್ದೂ ಲೀಗ್‌ನಲ್ಲಿ 500 ಟ್ಯಾಕಲ್ ಅಂಕಗಳನ್ನು ಪೂರೈಸಿದ ಮೊದಲ ಆಟಗಾರರು ಇವರು.